ಮೂರು ರೂಪಾಯಿಯ ಎಡಗೈ

ಮೈಲಾರದ ಕಾರಣಿಕ ಮುಗಿದು, ಕೊಟ್ಟೂರಿನ ಗುರುಬಸವೇಶ್ವರರ ತೇರು ಎಳೆದಾದ ಮೇಲೆ ನಮ್ಮ ಸೀಮೆಯಲ್ಲಿ ಬಿಸಿಲು ಬಲಿಯುತ್ತದೆ. ಸುಗ್ಗಿ ಮುಗಿದ ಹೊಲಗಳಲ್ಲಿ ಮುಂಗಾರಿನವರೆಗೆ ಕೆಲಸವಿರುವುದಿಲ್ಲ. ಆ ದಿನಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಊರುಗಳಲ್ಲಿ ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಮೊದಲನೆಯದು ಗುಳೆ. ಮೇಸ್ತ್ರಿಯಿಂದ ಮುಂಗಡ ಪಡೆದ ಸಂಸಾರಗಳು ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಕಟ್ಟಿಕೊಂಡು, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೊರಡುತ್ತವೆ. ಎರಡನೆಯದು ಕ್ರಿಕೆಟ್. ಶಾಲೆಯ ಬಯಲಿನಲ್ಲೋ ಒಣಗಿದ ಕೆರೆಯಂಗಳದಲ್ಲೋ ಟೆನಿಸ್ ಚೆಂಡಿನ ಪಂದ್ಯಾವಳಿಗಳು ಏರ್ಪಡುತ್ತವೆ. ಊರಿನ ಪ್ರತಿಷ್ಠೆಯ ಪ್ರಶ್ನೆಯಾದ್ದರಿಂದ ಗೆಲ್ಲಲೇಬೇಕೆಂದು ಹೊರಗಿನ ಒಬ್ಬಿಬ್ಬರು ಆಟಗಾರರನ್ನು ದುಡ್ಡು ಕೊಟ್ಟು ಕರೆತರುವುದೂ ಉಂಟು. ಚೆನ್ನಾಗಿ ಆಡಿದರೆ ಅವನು ಊರಿನ ಮಗ, ಸೋತರೆ ದಂಡದ ಖರ್ಚು.

ಒಂದೇ ಬೇಸಿಗೆಯಲ್ಲಿ ಎರಡು ಬಗೆಯ ಕೂಲಿ. ಒಂದರಲ್ಲಿ ಬೆನ್ನಿಗೆ ಬೆಲೆ, ಇನ್ನೊಂದರಲ್ಲಿ ತೋಳಿಗೆ ಬೆಲೆ. ಬೆಲೆ ಕಟ್ಟುವವರು ಯಾರು, ಬೆಲೆ ಕೊಟ್ಟ ಮೇಲೆ ಆ ಮನುಷ್ಯನನ್ನು ಎಲ್ಲಿ ಕೂರಿಸುತ್ತಾರೆ ಎಂಬ ಪ್ರಶ್ನೆ ಮಾತ್ರ ಎರಡಕ್ಕೂ ಸಮಾನವಾದುದು.

ಆಟಗಾರನ ಬೆಲೆಯನ್ನು ಬಹಿರಂಗವಾಗಿ ಲೆಕ್ಕ ಹಾಕುವ ಪದ್ಧತಿ ನಮಗೆ ಪರಿಚಯವಾದದ್ದು 2008ರ ಫೆಬ್ರುವರಿಯಲ್ಲಿ, ಮುಂಬೈನಲ್ಲಿ ಐಪಿಎಲ್‌ನ ಮೊದಲ ಹರಾಜು ನಡೆದಾಗ. ಅಮೆರಿಕದ ಬೇಸ್‌ಬಾಲ್ ಲೋಕಕ್ಕೆ ಅದು ಹಳೆಯ ಅಭ್ಯಾಸ. ಒಪ್ಪಂದದ ಅವಧಿ ಮುಗಿಸಿದ ಆಟಗಾರ ತನಗೆ ಬೇಕಾದ ತಂಡದೊಡನೆ ಮಾತುಕತೆ ನಡೆಸುವ ಹಕ್ಕನ್ನು ಅಲ್ಲಿ ಪಡೆದಿದ್ದಾನೆ. ಪ್ರತಿ ಚಳಿಗಾಲ ಅಲ್ಲಿನ ಪತ್ರಿಕೆಗಳು ಇಂಥ ಮುಕ್ತ ಆಟಗಾರರ ಒಪ್ಪಂದಗಳಲ್ಲಿ ಅತ್ಯುತ್ತಮವಾದವು ಯಾವುವು, ಅತಿ ಕೆಟ್ಟವು ಯಾವುವು ಎಂದು ಪಟ್ಟಿ ಮಾಡುತ್ತವೆ. ಎಡಗೈ ಚೆಂಡೆಸೆತಗಾರ ರ‍್ಯಾಂಡಿ ಜಾನ್ಸನ್‌ರನ್ನು ಅರಿಜೋನಾ ತಂಡ 1998ರ ಕೊನೆಯಲ್ಲಿ ನಾಲ್ಕು ವರ್ಷಗಳಿಗೆ ಸುಮಾರು 5 ಕೋಟಿ 20 ಲಕ್ಷ ಡಾಲರ್‌ಗೆ ಕರೆತಂದಿತು. ಆ ನಾಲ್ಕೂ ವರ್ಷ ಅವರು ತಮ್ಮ ಲೀಗಿನ ಶ್ರೇಷ್ಠ ಎಸೆತಗಾರ ಪ್ರಶಸ್ತಿ ಪಡೆದರು. 2001ರಲ್ಲಿ ತಂಡ ವಿಶ್ವ ಸರಣಿ ಗೆದ್ದಿತು. ಇನ್ನೊಬ್ಬ ಎಡಗೈ ಎಸೆತಗಾರ ಮೈಕ್ ಹ್ಯಾಂಪ್ಟನ್‌ರಿಗೆ ಕೊಲರಾಡೊ ತಂಡ 2000ದ ಡಿಸೆಂಬರಿನಲ್ಲಿ ಎಂಟು ವರ್ಷಗಳಿಗೆ 12 ಕೋಟಿ 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಎರಡೇ ಋತುಗಳ ನಂತರ ಕೈಸೋತು ಅವರನ್ನು ಬೇರೆ ತಂಡಕ್ಕೆ ದಾಟಿಸಿತು. ಮೊದಲನೆಯದು ಉತ್ತಮ ಒಪ್ಪಂದಗಳ ಪಟ್ಟಿಯಲ್ಲಿಯೂ ಎರಡನೆಯದು ಕೆಟ್ಟವುಗಳ ಪಟ್ಟಿಯಲ್ಲಿಯೂ ತಪ್ಪದೆ ಕಾಣಿಸಿಕೊಳ್ಳುತ್ತವೆ.

ಇಂಥದೊಂದು ಪಟ್ಟಿಯನ್ನು ಭಾರತದ ಕ್ರೀಡಾ ಚರಿತ್ರೆಗೆ ತಯಾರಿಸಿದರೆ ಅದರ ಮೊದಲ ಸಾಲಿನಲ್ಲಿ ಬರಬೇಕಾದುದು ಐಪಿಎಲ್‌ನ ಯಾವ ತಾರೆಯ ಹೆಸರೂ ಅಲ್ಲ. ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ಮೈದಾನ ಗುಡಿಸಲು ಸೇರಿಕೊಂಡ ಒಬ್ಬ ಎಡಗೈ ಸ್ಪಿನ್ ಬೌಲರ್‌ನ ಹೆಸರು ಅಲ್ಲಿರಬೇಕು. ಅವರು ಪಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

ಕ್ರಿಕೆಟ್ ದಾಖಲೆಗಳು ಅವರ ಜನನವನ್ನು 1876ಕ್ಕೆ ಹಾಕುತ್ತವೆ. ಮನೆತನದ ಹೆಸರು ಕೊಂಕಣದ ಪಲ್ವಣ ಎಂಬ ಹಳ್ಳಿಯಿಂದ ಬಂದದ್ದು. ಜಾತಿಯಲ್ಲಿ ಚಮ್ಮಾರರು, ಅಂದಿನ ಸಮಾಜದ ಕಣ್ಣಿಗೆ ಅಸ್ಪೃಶ್ಯರು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಬಳ್ಳಾರಿ ಸೀಮೆ ಮದರಾಸು ಪ್ರಾಂತ್ಯದಲ್ಲಿ. ತಂದೆ ಸೈನ್ಯದ ಚಾಕರಿಯಲ್ಲಿದ್ದುದರಿಂದ ಕುಟುಂಬ ಪುಣೆಗೆ ಬಂತು. ಬಾಲೂ ಬೆಳೆದದ್ದು, ಬಾಳಿದ್ದು ಮರಾಠಿ ಪರಿಸರದಲ್ಲಿಯೇ. ಆದ್ದರಿಂದ ಅವರನ್ನು ಕನ್ನಡಿಗರೆಂದು ಹೇಳಿ ಎದೆ ತಟ್ಟಿಕೊಳ್ಳುವ ಹಕ್ಕು ನಮಗಿಲ್ಲ. ಆದರೆ ಅವರು ಹುಟ್ಟಿದ ಊರಿನ ಕ್ರಿಕೆಟ್ ಪ್ರಿಯರಲ್ಲಿಯೂ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಎಂದು ಕೇಳಿಕೊಳ್ಳುವ ಹೊಣೆಯಂತೂ ಇದೆ.

ಪುಣೆಯ ದಂಡು ಪ್ರದೇಶದಲ್ಲಿ ಇಂಗ್ಲಿಷ್ ಅಧಿಕಾರಿಗಳು ಆಡಿ ಬಿಸಾಡಿದ ಚೆಂಡು, ಬ್ಯಾಟುಗಳೇ ಬಾಲೂ ಮತ್ತು ಅವರ ತಮ್ಮ ಶಿವರಾಮರ ಮೊದಲ ಪಾಠಶಾಲೆ. ದುಡಿಯುವ ವಯಸ್ಸಿಗೆ ಬಂದಾಗ ಬಾಲೂ ಪಾರ್ಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದರು. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಬಿಡುವಾದಾಗ ಸದಸ್ಯರಿಗೆ ಅಭ್ಯಾಸಕ್ಕೆಂದು ಚೆಂಡು ಎಸೆಯುವುದು ಅವರ ಕೆಲಸವಾಗಿತ್ತು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ನಾಲ್ಕು ರೂಪಾಯಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಅವರ ಮೊದಲ ತಂಡ ಬದಲಾವಣೆ. ಲಾಭ ತಿಂಗಳಿಗೆ ಒಂದು ರೂಪಾಯಿ.

ಪೂನಾ ಕ್ಲಬ್ಬಿನಲ್ಲಿ ಜೆ.ಜಿ. ಗ್ರೆಗ್ ಎಂಬ ಸೇನಾಧಿಕಾರಿಯಿದ್ದರು. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಗೂ ಆಡಿದ ಸಮರ್ಥ ಬ್ಯಾಟ್ಸ್‌ಮನ್. ಅಭ್ಯಾಸಕ್ಕೆ ಚೆಂಡು ಎಸೆಯುತ್ತಿದ್ದ ಈ ಆಳಿನ ಎಡಗೈಯಲ್ಲಿ ಅಸಾಧಾರಣವಾದುದೇನೋ ಇದೆಯೆಂದು ಗುರುತಿಸಿದವರಲ್ಲಿ ಅವರೂ ಒಬ್ಬರು. ಅವರು ಎಲ್ಲರಿಗಿಂತ ಮೊದಲೇ ಬಂದು ಬಾಲೂ ಎದುರು ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯೂ ಇದೆ. ಕಥೆ ಹೇಗೇ ಇರಲಿ, ಬಾಲೂ ಅವರ ಸಂಬಳ ಹನ್ನೆರಡು ರೂಪಾಯಿಗೆ ಏರಿತು. ಎಸೆತದ ವೇಗ ಬದಲಿಸುವುದು, ಎರಡೂ ದಿಕ್ಕಿಗೆ ಚೆಂಡನ್ನು ತಿರುಗಿಸುವುದು, ಬ್ಯಾಟ್ಸ್‌ಮನ್‌ನ ಕಾಲಿನ ಚಲನೆಯನ್ನು ಓದುವುದು, ಈ ಎಲ್ಲವನ್ನೂ ಅವರು ಆ ನೆಟ್‌ಗಳಲ್ಲಿಯೇ ಕಲಿತರು.

ಆದರೆ ಆ ವರ್ಷಗಳಲ್ಲಿ ಅವರ ಕೈಗೆ ಬ್ಯಾಟ್ ಬರಲಿಲ್ಲ. ಸಾವಿರಾರು ಎಸೆತಗಳನ್ನು ಹಾಕಿದ ಮನುಷ್ಯನಿಗೆ ಒಮ್ಮೆಯಾದರೂ ಬ್ಯಾಟ್ ಹಿಡಿದು ನಿಲ್ಲುವ ಅವಕಾಶವನ್ನು ಕ್ಲಬ್ಬಿನ ಸಾಹೇಬರು ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳ ಕೆಲಸ, ಬೌಲಿಂಗ್ ಆಳಿನ ಕೆಲಸ ಎಂಬುದು ಇಂಗ್ಲೆಂಡಿನ ವರ್ಗಭೇದದಿಂದ ಬಂದ ನಂಬಿಕೆ. ಅದು ಇಲ್ಲಿನ ಜಾತಿಭೇದದೊಡನೆ ಸಲೀಸಾಗಿ ಹೊಂದಿಕೊಂಡಿತು.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಅವರನ್ನು ಸೋಲಿಸಬಲ್ಲ ಬೌಲರ್ ಕಣ್ಣೆದುರಿಗೇ ಇದ್ದಾನೆ. ಆದರೆ ಅವನನ್ನು ಸೇರಿಸಿಕೊಳ್ಳುವುದು ಹೇಗೆ? ತಂಡದಲ್ಲಿ ಬಿರುಸಿನ ವಾಗ್ವಾದ ನಡೆಯಿತು. ತೆಲುಗು ಸದಸ್ಯರು ಸೇರಿಸಿಕೊಳ್ಳಬೇಕೆಂದರು. ಮರಾಠಿ ಬ್ರಾಹ್ಮಣ ಸದಸ್ಯರು ಬೇಡವೆಂದರು. ಕೊನೆಗೆ ಗೆಲುವಿನ ಆಸೆ ಮಡಿಯನ್ನು ಮೀರಿತು. ಬಾಲೂ ತಂಡದೊಳಗೆ ಬಂದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಆ ಚೆಂಡಿನ ಹೊದಿಕೆಯೂ ತೊಗಲಿನದೇ ಎಂಬುದನ್ನು ಯಾರೂ ನೆನೆಯಲಿಲ್ಲ. ಚಹಾ ವಿರಾಮದಲ್ಲಿ ಮಾತ್ರ ಎಲ್ಲರೂ ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿಯುತ್ತಿದ್ದರೆ, ಬಾಲೂ ಅವರಿಗೆ ಪೆವಿಲಿಯನ್ನಿನ ಹೊರಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಊಟ ಬೇರೆ ಜಾಗದಲ್ಲಿ, ಬೇರೆ ತಟ್ಟೆಯಲ್ಲಿ. ಕೈಕಾಲು ತೊಳೆಯಬೇಕೆಂದರೆ ಅವರದೇ ಜಾತಿಯ ಒಬ್ಬ ಆಳು ನೀರು ತಂದು ಸುರಿಯಬೇಕು.

ಇಷ್ಟಾದರೂ ಅವರು ಗೆಲ್ಲಿಸಿಕೊಟ್ಟರು. ಯುರೋಪಿಯನ್ನರ ಸಾತಾರಾ ಜಿಮಖಾನಾ ತಂಡದವರು ಬಾಲೂ ಸ್ಪಿನ್ನಿಗೆ ಹೆದರಿ ವಾರಗಟ್ಟಲೆ ರೋಲರ್ ಎಳೆಸಿ ಪಿಚ್ಚನ್ನು ಬಂಡೆಯಂತೆ ಮಾಡಿದ್ದರು. ಅಲ್ಲಿಯೂ ಅವರು ಏಳು ವಿಕೆಟ್ ಪಡೆದರು. ಮಹಾದೇವ ಗೋವಿಂದ ರಾನಡೆ, ಬಾಲ ಗಂಗಾಧರ ತಿಲಕರಂಥ ನಾಯಕರು ಸಾರ್ವಜನಿಕವಾಗಿ ಅವರನ್ನು ಮೆಚ್ಚಿಕೊಂಡರು. ಆಟದಲ್ಲಿ ಜೊತೆಗಿದ್ದವನನ್ನು ಪಂಕ್ತಿಯಲ್ಲಿ ಹೊರಗಿಡುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿಂದ ಮೇಲೆದ್ದಿತು. ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದನಿಯೆತ್ತುವುದಕ್ಕೆ ಎರಡು ದಶಕಗಳ ಹಿಂದಿನ ಮಾತಿದು.

ಪ್ಲೇಗ್ ಹಾವಳಿಯ ದಿನಗಳಲ್ಲಿ ಬಾಲೂ ಮುಂಬೈಗೆ ಹೋದರು. ಅಲ್ಲಿ 1894ರಲ್ಲಿ ಹುಟ್ಟಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾ ಅವರನ್ನು ತನ್ನ ತಂಡಕ್ಕೆ ತೆಗೆದುಕೊಂಡಿತು. ಅಲ್ಲಿಯೂ ಸಮಾಜದ ಅಡ್ಡಗಾಲು ಇದ್ದೇ ಇತ್ತು. ಒಳ್ಳೆಯ ಬೌಲರನ್ನು ಬಿಟ್ಟುಕೊಡಬಾರದೆಂದು ಹಟ ಹಿಡಿದ ಕೆಲವರು ದಾರಿ ಮಾಡಿಕೊಟ್ಟರು. ಹೊಟ್ಟೆಪಾಡಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ತಮ್ಮ ಶಿವರಾಮನೂ ಮುಂಬೈಗೆ ಬಂದು ತಂಡ ಸೇರಿದ. ಒಂದು ಜಿಮಖಾನಾ ಒಬ್ಬ ಆಟಗಾರನನ್ನು ಕರೆತಂದು ಪಡೆದ ಪ್ರತಿಫಲದ ಲೆಕ್ಕ ಹಾಕಿದರೆ ಇದಕ್ಕೆ ಸಾಟಿಯಾದ ಒಪ್ಪಂದ ನಮ್ಮ ಕ್ರಿಕೆಟ್ಟಿನಲ್ಲಿ ಇನ್ನೊಂದಿಲ್ಲ.

1906ರ ಫೆಬ್ರುವರಿಯಲ್ಲಿ ಬಾಂಬೆ ಜಿಮಖಾನಾ ಮೈದಾನದಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160 ರನ್ ಗಳಿಸಿದರು. ಯುರೋಪಿಯನ್ನರು ಮೊದಲ ಇನಿಂಗ್ಸ್‌ನಲ್ಲಿ 191ಕ್ಕೆ, ಎರಡನೆಯದರಲ್ಲಿ 102ಕ್ಕೆ ಔಟಾದರು. ಗೆಲುವಿನ ಅಂತರ 109 ರನ್. ವಂಗಭಂಗದ ಮರು ವರ್ಷ, ಸ್ವದೇಶಿ ಚಳವಳಿಯ ಕಾವಿನಲ್ಲಿ ಬಂದ ಈ ಗೆಲುವು ದೇಶದಾದ್ಯಂತ ಸುದ್ದಿಯಾಯಿತು. ಮುಂಬೈನ ಸುಧಾರಣಾವಾದಿ ಪತ್ರಿಕೆ ಇಂಡಿಯನ್ ಸೋಷಿಯಲ್ ರಿಫಾರ್ಮರ್ ಇದನ್ನು ಬೇರೊಂದು ಕೋನದಿಂದ ನೋಡಿತು. ಪುಣೆಯಲ್ಲಿ ಹೊರಗೆ ಚಹಾ ಕುಡಿದ ಆಟಗಾರ ಮುಂಬೈನಲ್ಲಿ ತಂಡದವರೊಡನೆ ಕುಳಿತು ಉಣ್ಣುವಂತಾಗಿದ್ದರೆ, ಅದು ಪಂದ್ಯದ ಗೆಲುವಿಗಿಂತ ದೊಡ್ಡ ಗೆಲುವು ಎಂಬುದು ಅದರ ಅಭಿಪ್ರಾಯವಾಗಿತ್ತು.

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಭಾರತದ ತಂಡವೊಂದು ಇಂಗ್ಲೆಂಡ್ ಪ್ರವಾಸ ಮಾಡಿತು. ಮಹಾರಾಜರಿಗೆ ಆಟಕ್ಕಿಂತ ಔತಣಗಳಲ್ಲಿ ಆಸಕ್ತಿ. ತಂಡ ಸೋಲಿನ ಮೇಲೆ ಸೋಲು ಕಂಡಿತು. ಆ ಸೋಲುಗಳ ನಡುವೆ ಮೂವತ್ತೈದು ವರ್ಷದ ಬಾಲೂ, ತೋಳಿನ ನೋವಿನಲ್ಲಿಯೂ, ಎಲ್ಲ ಪಂದ್ಯಗಳಿಂದ 114 ವಿಕೆಟ್ ಪಡೆದರು. ಪ್ರತಿ ವಿಕೆಟ್ಟಿಗೆ ಕೊಟ್ಟ ರನ್ ಸರಾಸರಿ 18.84. ಪ್ರಥಮ ದರ್ಜೆಯ ಪಂದ್ಯಗಳಲ್ಲಿಯೇ 75 ವಿಕೆಟ್. ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೌಂಟಿಗಳಿಗೆ ಭಾರತದ ಕ್ರಿಕೆಟ್ಟೆಂದರೆ ಬಾಲೂ ಅವರ ಎಡಗೈಯೇ ಆಗಿತ್ತು. ಮುಂಬೈಗೆ ಮರಳಿದಾಗ ಅಲ್ಲಿನ ಶೋಷಿತ ಸಮುದಾಯಗಳು ಅವರನ್ನು ಸನ್ಮಾನಿಸಿದವು. ಆ ಸಮಾರಂಭದ ಮಾನಪತ್ರವನ್ನು ಬರೆದ ಯುವಕ ಭೀಮರಾವ್ ಅಂಬೇಡ್ಕರ್ ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಕಾಲೇಜಿನಲ್ಲಿ ಓದುತ್ತಿದ್ದ ಅಂಬೇಡ್ಕರರಿಗೆ ಬಾಲೂ ಒಬ್ಬ ನಾಯಕರಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ತಮ್ಮವರಲ್ಲಿ ಒಬ್ಬನು ಸಾಹೇಬರ ನೆಲಕ್ಕೇ ಹೋಗಿ ಅವರನ್ನು ಮಣಿಸಿ ಬಂದಿದ್ದ.

ಇಷ್ಟೆಲ್ಲ ಕೊಟ್ಟ ಆಟಗಾರನಿಗೆ ತಂಡ ಕೊಡದೆ ಉಳಿಸಿಕೊಂಡದ್ದು ಒಂದೇ, ನಾಯಕತ್ವ. ಹಿಂದೂ ತಂಡದಲ್ಲಿ ಅನುಭವದಲ್ಲಿಯೂ ಸಾಧನೆಯಲ್ಲಿಯೂ ಅವರಿಗೆ ಸಮನಾದವರಿರಲಿಲ್ಲ. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರೇ ತಮಗೆ ಏರ್ಪಡಿಸಿದ ಸನ್ಮಾನ ಸಭೆಯಲ್ಲಿ, ಈ ಗೌರವ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ಒಪ್ಪಿಕೊಂಡರು. ಆದರೆ ಆಯ್ಕೆ ಸಮಿತಿ ಒಪ್ಪಲಿಲ್ಲ. ಬಾಲೂ ಅವರ ಚೆಂಡಿನಿಂದ ಗೆಲ್ಲಬಹುದು, ಅವರ ಮಾತಿನಂತೆ ಹನ್ನೊಂದು ಜನ ನಡೆಯಲಾಗದು!

1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ಈ ಅಸಮಾಧಾನ ಬಯಲಿಗೆ ಬಂತು. ನಲವತ್ತು ದಾಟಿದ್ದ ಬಾಲೂ ಅವರನ್ನು ತಂಡದಿಂದ ಕೈಬಿಡಲಾಯಿತು. ನಾಯಕ ಪೈ ಅನಾರೋಗ್ಯದಿಂದ ಮೊದಲ ಪಂದ್ಯ ಆಡದಾದಾಗ ಬಾಲೂ ಅವರ ತಮ್ಮ ವಿಠಲರಿಗೆ ಅವಕಾಶ ಸಿಗಬೇಕಿತ್ತು. ಆಗಿನ ಶ್ರೇಷ್ಠ ಬ್ಯಾಟ್ಸ್‌ಮನ್‌ಗಳಲ್ಲಿ ವಿಠಲ ಒಬ್ಬರು. ಅವರನ್ನು ದಾಟಿ ಪುಣೆಯ ಡಿ.ಬಿ. ದೇವಧರ್‌ರನ್ನು ನಾಯಕರನ್ನಾಗಿ ಮಾಡಿದರು. ದೇವಧರ್ ವಿದ್ಯಾವಂತರು, ಒಳ್ಳೆಯ ಆಟಗಾರರು, ಬ್ರಾಹ್ಮಣರು. ವಿಠಲ ಮತ್ತು ಶಿವರಾಮ ತಮಗಾದ ಅವಮಾನವನ್ನು ಸಾರ್ವಜನಿಕವಾಗಿ ಹೇಳಿ ತಂಡದಿಂದ ಹೊರಬಂದರು. ಜಾತಿಯ ಕಾರಣಕ್ಕೆ ಕಡೆಗಣಿಸಿದ ತಂಡಕ್ಕೆ ಆಡುವುದಿಲ್ಲವೆಂದು ಇಬ್ಬರು ದಲಿತ ಆಟಗಾರರು 1920ರಲ್ಲಿಯೇ ಘೋಷಿಸಿದ್ದು ಸಣ್ಣ ಸಂಗತಿಯಲ್ಲ.

ಇದನ್ನು ಓದುವಾಗ ನೆನಪಾಗುವುದು ಅಮೆರಿಕದ ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ತಂಡದ ಈ ಕಪ್ಪು ವರ್ಣೀಯ ಬೇಸ್‌ಬಾಲ್ ಆಟಗಾರನನ್ನು 1969ರಲ್ಲಿ ಅವರ ಇಚ್ಛೆ ಕೇಳದೆ ಫಿಲಡೆಲ್ಫಿಯಾಕ್ಕೆ ವರ್ಗಾಯಿಸಿದರು. ತಾನು ಕೊಳ್ಳುವ ಮಾರುವ ಸರಕಲ್ಲವೆಂದು ಅವರು ಹೋಗಲು ನಿರಾಕರಿಸಿ ನ್ಯಾಯಾಲಯಕ್ಕೆ ಹೋದರು. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು–ಮೂರು ಬಹುಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು; ಅಷ್ಟು ಹೊತ್ತಿಗೆ ಫ್ಲಡ್ ಅವರ ಆಟದ ಬದುಕು ಮುಗಿದಿತ್ತು. ಮೂರೇ ವರ್ಷಗಳಲ್ಲಿ, 1975ರ ಕೊನೆಗೆ, ಮಧ್ಯಸ್ಥರೊಬ್ಬರ ತೀರ್ಪಿನಿಂದ ಆಟಗಾರರನ್ನು ಕಟ್ಟಿಹಾಕಿದ್ದ ಆ ನಿಯಮ ಮುರಿದುಬಿತ್ತು. ಇಂದಿನ ಕೋಟಿಗಟ್ಟಲೆ ಡಾಲರ್‌ಗಳ ಒಪ್ಪಂದಗಳು ಆ ಮುರಿದ ಬೇಲಿಯ ದಾರಿಯಲ್ಲಿ ಬಂದವು. ಮೊದಲು ಎದ್ದು ನಿಂತವನಿಗೆ ಲಾಭ ಸಿಗುವುದು ಅಪರೂಪ.

ಪಲ್ವಂಕರ್ ಸೋದರರ ಪ್ರತಿಭಟನೆಗೆ ಫಲ ಬೇಗ ಸಿಕ್ಕಿತು. ಜನಾಭಿಪ್ರಾಯಕ್ಕೆ ಮಣಿದ ಜಿಮಖಾನಾ, ಪಾರ್ಸಿಗಳ ವಿರುದ್ಧದ ಅಂತಿಮ ಪಂದ್ಯಕ್ಕೆ ಬಾಲೂ ಅವರನ್ನು ಮರಳಿ ಕರೆದು ಉಪನಾಯಕರನ್ನಾಗಿ ಮಾಡಿತು. ತಮ್ಮಂದಿರೂ ತಂಡಕ್ಕೆ ಮರಳಿದರು. ಪಂದ್ಯದ ನಡುವೆ ಪೈ ತಾವಾಗಿ ಮೈದಾನದಿಂದ ಹೊರಗೆ ನಡೆದು, ಸ್ವಲ್ಪ ಹೊತ್ತು ಬಾಲೂ ತಂಡವನ್ನು ಮುನ್ನಡೆಸಲೆಂದು ಅವಕಾಶ ಮಾಡಿಕೊಟ್ಟರು. ಮೂರು ವರ್ಷಗಳ ನಂತರ, 1923ರಲ್ಲಿ, ವಿಠಲ ಹಿಂದೂ ತಂಡದ ನಾಯಕರಾದರು. ಆ ವರ್ಷ ತಂಡ ಪ್ರಶಸ್ತಿ ಗೆದ್ದಿತು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. ತೆರೆಸಿದ್ದು ಅಣ್ಣನ ಇಪ್ಪತ್ತು ವರ್ಷಗಳ ಬೌಲಿಂಗು.

ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21. ದಾಖಲೆ ಪುಸ್ತಕದಲ್ಲಿ ಬಾಲೂ ಅವರ ಕ್ರಿಕೆಟ್ ಬದುಕು ಇಷ್ಟು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಐವತ್ತಾರು ವರ್ಷ.

ಅದೇ 1932ರಲ್ಲಿ ಅವರ ಬದುಕು ಇನ್ನೊಂದು ಮೈದಾನಕ್ಕೆ ಕಾಲಿಟ್ಟಿತ್ತು. ಪ್ರತ್ಯೇಕ ಮತದಾರ ಕ್ಷೇತ್ರಗಳ ಪ್ರಶ್ನೆಯಲ್ಲಿ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕುಳಿತರು. ಅಂಬೇಡ್ಕರ್ ಒತ್ತಡಕ್ಕೆ ಮಣಿದು ಪುಣೆ ಒಪ್ಪಂದಕ್ಕೆ ಬಂದರು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. ಹಿಂದೂ ಸಮಾಜದ ಒಳಗಿದ್ದೇ ಅದನ್ನು ಬದಲಿಸಬೇಕೆಂಬುದು ಅವರ ನಂಬಿಕೆ. 1935ರಲ್ಲಿ ಅಂಬೇಡ್ಕರ್ ಯೇವಲಾದಲ್ಲಿ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದಾಗ ಬಾಲೂ ಆ ನಿರ್ಧಾರವನ್ನು ಒಪ್ಪಲಿಲ್ಲ. ಒಂದು ಕಾಲಕ್ಕೆ ಮಾನಪತ್ರ ಬರೆದವರೂ ಅದನ್ನು ಪಡೆದವರೂ ಎದುರುಬದುರಾದರು.

1937ರ ಮುಂಬೈ ಶಾಸನಸಭೆಯ ಚುನಾವಣೆಯಲ್ಲಿ ಅಂಬೇಡ್ಕರ್ ತಮ್ಮ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತರು. ಅವರನ್ನು ಸೋಲಿಸಲು ಕಾಂಗ್ರೆಸ್ ಆರಿಸಿಕೊಂಡದ್ದು ಬಾಲೂ ಅವರನ್ನು. ದಲಿತ ಮತದಾರರು ಪ್ರೀತಿಸುವ, ಸವರ್ಣೀಯರು ಹೆದರದ ಹೆಸರು ಅದಾಗಿತ್ತು. ಫಲಿತಾಂಶ ಬಂದಾಗ ಅಂಬೇಡ್ಕರರಿಗೆ 13,245 ಮತ, ಬಾಲೂ ಅವರಿಗೆ 11,225.

ಅತ್ಯುತ್ತಮ ಒಪ್ಪಂದವನ್ನು ಆಗಲೇ ಹೇಳಿದೆ. ಅತಿ ಕೆಟ್ಟದ್ದು ಯಾವುದೆಂದು ಕೇಳಿದರೆ ನನ್ನ ಉತ್ತರ ಈ ಚುನಾವಣೆ. ಅಂತರ ಎರಡೇ ಸಾವಿರ ಮತ, ನಿಜ. ಗೆದ್ದಿದ್ದರೆ ಇದನ್ನೇ ಜಾಣ ಆಯ್ಕೆ ಎನ್ನುತ್ತಿದ್ದರು ಎಂದು ವಾದಿಸಬಹುದು. ಆದರೆ ನಾನು ಲೆಕ್ಕ ಹಾಕುತ್ತಿರುವುದು ಮತಗಳನ್ನಲ್ಲ. ಕಾಂಗ್ರೆಸ್ಸಿನ ತಂತ್ರಗಾರರಿಗೆ ಬೇಕಾಗಿದ್ದುದು ಬಾಲೂ ಅವರ ಹೆಸರೇ ಹೊರತು ಅವರ ವಿವೇಕವಲ್ಲ. ಪೂನಾ ಕ್ಲಬ್ಬಿಗೆ ಅವರ ತೋಳು ಬೇಕಿತ್ತು, ಬ್ಯಾಟಿಂಗು ಬೇಡವಾಗಿತ್ತು. ಹಿಂದೂ ಜಿಮಖಾನಾಕ್ಕೆ ಅವರ ವಿಕೆಟ್ಟುಗಳು ಬೇಕಿದ್ದವು, ನಾಯಕತ್ವ ಬೇಡವಾಗಿತ್ತು. ಕೊನೆಯಲ್ಲಿ ಒಂದು ಪಕ್ಷ ಅವರ ಜಾತಿಯನ್ನೂ ಕೀರ್ತಿಯನ್ನೂ ಅದೇ ಜಾತಿಗಳ ವಿಮೋಚನೆಗೆ ನಿಂತ ದೊಡ್ಡ ನಾಯಕನ ಎದುರು ಹೂಡಿತು. ಬಾಲೂ ತಮ್ಮ ನಂಬಿಕೆಗೆ ಪ್ರಾಮಾಣಿಕರಾಗಿಯೇ ನಿಂತರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಒಂದು ಸ್ಪರ್ಧೆಯಿಂದಾಗಿ ನಂತರದ ದಲಿತ ತಲೆಮಾರುಗಳ ನೆನಪಿನಲ್ಲಿ ಅವರಿಗೆ ಸಿಗಬೇಕಾದ ಜಾಗ ಕಿರಿದಾಯಿತು. ಸವರ್ಣೀಯ ಕ್ರಿಕೆಟ್ ಲೋಕವಂತೂ ಅವರನ್ನು ಬೇಗನೆ ಮರೆತಿತು. ಎರಡೂ ಕಡೆ ನಷ್ಟವಾದದ್ದು ಅವರಿಗೇ.

1955ರ ಜುಲೈ 4ರಂದು ಮುಂಬೈನಲ್ಲಿ ಬಾಲೂ ತೀರಿಕೊಂಡರು. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿದ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷದ ಜೂನ್ 1ರಂದು. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ಮನುಷ್ಯ ಆ ಕುಡಿಕೆ ಕಾನೂನುಬಾಹಿರವಾದ ದೇಶದಲ್ಲಿ ಬದುಕಿದ್ದು ಒಂದು ತಿಂಗಳು ಮೂರು ದಿನ. ಆಮೇಲಿನ ಸುಮಾರು ಅರ್ಧ ಶತಮಾನದ ಮೌನವನ್ನು ಮುರಿದದ್ದು 2002ರಲ್ಲಿ ಪ್ರಕಟವಾದ, ಬೆಂಗಳೂರಿನಲ್ಲಿ ನೆಲೆಸಿರುವ ರಾಮಚಂದ್ರ ಗುಹಾ ಅವರ ಕ್ರಿಕೆಟ್ ಚರಿತ್ರೆ.

ಈ ಕಥೆಯನ್ನು ನಮ್ಮ ಐದು ತಾಲ್ಲೂಕುಗಳ ಓದುಗರ ಮುಂದೆ ಇಡುವುದಕ್ಕೆ ಕಾರಣವಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ, ಒಮ್ಮೆ ದಾವಣಗೆರೆಗೆ ಹೋಗಿ ಮರಳಿದ ಹರಪನಹಳ್ಳಿಯೂ ಸೇರಿ ಈ ಐದೂ ಒಂದೇ ಜಿಲ್ಲೆಯ ಅಂಗಗಳಾದವು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿಟ್ಟ ಸ್ಮಾರಕವಿದೆ. ಕೇರಿಗಳಲ್ಲಿ ಅಂಬೇಡ್ಕರರ ಭಾವಚಿತ್ರಗಳಿವೆ. ಅವರಿಬ್ಬರ ನಡುವೆ ಸಿಕ್ಕಿಬಿದ್ದ ಬಾಲೂ ಅವರ ಚಿತ್ರ ಎಲ್ಲಿಯೂ ಇಲ್ಲ. ಆದರೆ ಬಾಲೂ ಅವರಂಥ ಹುಡುಗರು ಇಲ್ಲಿದ್ದಾರೆ. ಬೇಸಿಗೆಯ ಪಂದ್ಯಾವಳಿಗಳಲ್ಲಿ ಅತಿ ವೇಗವಾಗಿ ಎಸೆಯುವವನು, ಅತಿ ದೂರ ಹೊಡೆಯುವವನು ಎಷ್ಟೋ ಸಲ ಕೇರಿಯ ಹುಡುಗನೇ ಆಗಿರುತ್ತಾನೆ. ಫೈನಲ್ ದಿನ ಅವನು ಬೇಕೇ ಬೇಕು. ಗೆದ್ದ ರಾತ್ರಿ ಊಟ ಯಾರ ಮನೆಯ ಪಡಸಾಲೆಯಲ್ಲಿ, ಆ ಪಡಸಾಲೆಯ ಒಳಗೆ ಅವನಿದ್ದಾನೋ ಹೊರಗೋ ಎಂಬುದನ್ನು ಟ್ರೋಫಿಯ ಮೇಲೆ ಕೆತ್ತುವುದಿಲ್ಲ.

ಕೆಲವು ಊರುಗಳಲ್ಲಿ ಈಗ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಅದನ್ನು ಕಂಡಿದ್ದೇನೆ, ಕಂಡು ಸಂತೋಷಪಟ್ಟಿದ್ದೇನೆ. ಬೇರೆ ಲೋಟದ ಹೋಟೆಲುಗಳ ಸುದ್ದಿ ಇನ್ನೂ ಪತ್ರಿಕೆಗಳಿಗೆ ಬರುವುದನ್ನೂ ಓದಿದ್ದೇನೆ. ಅದೇ ಹುಡುಗ ಪಂದ್ಯ ಮುಗಿದ ವಾರದಲ್ಲಿ ಅಪ್ಪ ಅವ್ವನ ಜೊತೆ ಗುಳೆಯ ಲಾರಿ ಹತ್ತಿದರೆ, ಕಾಲೇಜಿನ ಪರೀಕ್ಷೆಗೆ ಅವನು ಮರಳುತ್ತಾನೋ ಇಲ್ಲವೋ ಎಂದು ವಿಚಾರಿಸುವವರು ತಂಡದಲ್ಲಿ ಯಾರಿದ್ದಾರೆ? ಅವನ ತೋಳು ನಮ್ಮ ಊರಿನದು, ಅವನ ಸಾಲ ಅವನೊಬ್ಬನದು ಎಂಬ ಲೆಕ್ಕ ಪೂನಾ ಕ್ಲಬ್ಬಿನ ಲೆಕ್ಕಕ್ಕಿಂತ ಬೇರೆಯಲ್ಲ.

ಆಟಗಾರರ ಒಪ್ಪಂದಗಳಲ್ಲಿ ಒಳ್ಳೆಯದು ಕೆಟ್ಟದ್ದನ್ನು ಸಾಮಾನ್ಯವಾಗಿ ಕೊಟ್ಟವನ ಕಡೆಯಿಂದಲೇ ಅಳೆಯುತ್ತೇವೆ. ಕೊಟ್ಟ ದುಡ್ಡಿಗೆ ಎಷ್ಟು ವಿಕೆಟ್ ಬಂತು, ಎಷ್ಟು ಮತ ಬಂತು ಎಂದು ನೋಡುತ್ತೇವೆ. ದುಡಿದವನ ಕಡೆಯಿಂದಲೂ ಅಳೆಯಬೇಕು. ಬಾಲೂ ಮೂರು ರೂಪಾಯಿಯಿಂದ ಆರಂಭಿಸಿ ಒಂದು ದೇಶದ ಕ್ರಿಕೆಟ್ಟಿಗೆ ಅಡಿಪಾಯ ಹಾಕಿದರು. ನಾಯಕತ್ವವೆಂದು ಅವರಿಗೆ ಸಿಕ್ಕಿದ್ದು ಒಬ್ಬ ಸಜ್ಜನ ಮೈದಾನದಿಂದ ಹೊರಗೆ ನಡೆದಾಗ ದೊರೆತ ಸ್ವಲ್ಪ ಹೊತ್ತು. ಈ ಬೇಸಿಗೆಯಲ್ಲಿ ನಮ್ಮ ಊರಿನ ತಂಡಕ್ಕೆ ನಾಯಕನನ್ನು ಆರಿಸುವಾಗ ಆ ಲೆಕ್ಕ ನೆನಪಿರಲಿ.